ಪಂಜರದೊಳಗಣ ದೂರದರ್ಶನ

ಮೃಗಾಲಯಗಳಲ್ಲಿ ಸೆರೆಯಾಗಿರುವ ವಾನರಗಳ ಬೇಸರವನ್ನು ಕಳೆಯಲು ಅವುಗಳ ಮುಂದೆ ದೂರದರ್ಶನದ ಪೆಟ್ಟಿಗೆಯನ್ನಿಡುವ ಪದ್ಧತಿ ಹೊರದೇಶಗಳಲ್ಲಿ ಕೆಲವು ದಶಕಗಳಿಂದ ನಡೆದುಬಂದಿದೆ. ಇದನ್ನು ಕೇಳಿದೊಡನೆ ನಗುವವರುಂಟು. ಇದು ನಗತಕ್ಕ ವಿಷಯವಲ್ಲ. ಒಂದು ಜೀವವನ್ನು ಕಾಡಿನಿಂದ ತಂದೋ, ಸೆರೆಯಲ್ಲಿಯೇ ಹುಟ್ಟಿಸಿಯೋ, ಆಯುಷ್ಯವಿಡೀ ಸಾಕುವ ಹೊಣೆಯನ್ನು ಹೊತ್ತ ಮೇಲೆ ಅದರ ಹೊಟ್ಟೆಯನ್ನು ತುಂಬಿಸಿದರೆ ಕರ್ತವ್ಯ ಮುಗಿಯಿತೆ, ಅಥವಾ ಅದರ ಮನಸ್ಸಿಗೂ ಏನಾದರೂ ಬೇಕೆ ಎಂಬ ಪ್ರಶ್ನೆ ಇದರ ಹಿಂದಿದೆ. ಬೇಕೆಂದು ಒಪ್ಪಿದವರೇ ಈ ಪೆಟ್ಟಿಗೆಯನ್ನು ತಂದವರು. ಆ ಒಪ್ಪಿಗೆಯನ್ನು ನಾನು ಗೌರವಿಸುತ್ತೇನೆ. ತಂದ ವಸ್ತುವಿನ ವಿಷಯದಲ್ಲಿಯೇ ನನ್ನ ಆಕ್ಷೇಪ.

ಹೆಸರಿನ ಬಗೆಗೆ ಒಂದು ಮಾತು. ನಮ್ಮ ನುಡಿಯಲ್ಲಿ ಕೋತಿ, ಮಂಗ, ಕಪಿ, ಮುಸುವ ಎಂದು ಪದಗಳು ಧಾರಾಳವಾಗಿದ್ದರೂ ಬಾಲವಿಲ್ಲದ ದೊಡ್ಡ ಜೀವಿಗಳಾದ ಗೊರಿಲ್ಲ, ಚಿಂಪಾಂಜಿ, ಬೊನೊಬೊ, ಒರಾಂಗೂಟಾನ್ ಇವುಗಳಿಗೆಲ್ಲ ಸಲ್ಲುವ ಒಂದು ಪ್ರತ್ಯೇಕ ಪದ ಬಳಕೆಗೆ ಬಂದಿಲ್ಲ. ಇವು ನಮ್ಮ ಕಾಡಿನವಲ್ಲವಾದುದರಿಂದ ಅದು ಸಹಜವೇ. ವಾನರ ಎಂಬ ಪದವನ್ನು ಇಲ್ಲಿ ಇವುಗಳಿಗೇ ಮೀಸಲಾಗಿ ಬಳಸಿದ್ದೇನೆ. ಮಲಯ ಭಾಷೆಯಲ್ಲಿ ಒರಾಂಗೂಟಾನ್ ಎಂದರೆ ಕಾಡಿನ ಮನುಷ್ಯ ಎಂದೇ ಅರ್ಥ. ಆ ಜನ ನಮಗಿಂತ ಹತ್ತಿರದಿಂದ ನೋಡಿ ಹೆಸರಿಟ್ಟವರು.

ಈ ವಾನರಗಳು ತೆರೆಯ ಮೇಲಿನ ಚಿತ್ರವನ್ನು ನಿಜವಾಗಿ ಕಾಣುತ್ತವೆಯೆ ಎಂಬ ಸಂದೇಹ ಬೇಡ. ಕೆಂಪು, ಹಸಿರು, ನೀಲಿ ಬೆಳಕುಗಳ ಬೆರಕೆಯಿಂದಲೇ ದೂರದರ್ಶನವು ನಾನಾ ವರ್ಣಗಳನ್ನು ತೋರಿಸಬಲ್ಲುದು. ಏಕೆಂದರೆ ಮನುಷ್ಯನ ಕಣ್ಣಿನಲ್ಲಿ ಬಣ್ಣವನ್ನರಿಯುವ ಕೋಶಗಳು ಮೂರು ಬಗೆ. ವಾನರಗಳ ಕಣ್ಣೂ ಹಾಗೆಯೇ ಇದೆ. ಇನ್ನು ಬುದ್ಧಿಯ ಮಾತು. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಫುಮಿಹಿರೊ ಕಾನೊ ಮತ್ತು ಸತೋಶಿ ಹಿರಾಟ ಎಂಬ ವಿದ್ವಾಂಸರು ಚಿಂಪಾಂಜಿ, ಬೊನೊಬೊಗಳಿಗೆ ಒಂದು ಚಿಕ್ಕ ಚಲನಚಿತ್ರವನ್ನು ತೋರಿಸಿ, ಅದರ ಫಲವನ್ನು 2015ರಲ್ಲಿ ಪ್ರಕಟಿಸಿದರು. ಚಿತ್ರದಲ್ಲಿ ಎರಡು ಬಾಗಿಲುಗಳು. ಒಂದರಿಂದ ವಾನರವೇಷಧಾರಿಯೊಬ್ಬ ಹಠಾತ್ತನೆ ನುಗ್ಗಿ ಮನುಷ್ಯರ ಮೇಲೆ ಬೀಳುತ್ತಾನೆ. ಒಂದು ದಿನ ಕಳೆದು ಅದೇ ಚಿತ್ರವನ್ನು ತೋರಿಸಿದಾಗ, ವೇಷಧಾರಿ ಹೊರಬರುವುದಕ್ಕೆ ಮೊದಲೇ ಅವುಗಳ ದೃಷ್ಟಿ ಆ ಬಾಗಿಲಿನತ್ತ ಹೊರಳಿತು. ಒಂದೇ ಸಲ ನೋಡಿದ್ದನ್ನು ನೆನಪಿಟ್ಟು ಮುಂದಾಗುವುದನ್ನು ಎದುರುನೋಡುವ ಪ್ರೇಕ್ಷಕನ ಮುಂದೆ ಕೈಗೆ ಸಿಕ್ಕಿದ ಚಿತ್ರವನ್ನು ಹಾಕಿಬಿಡುವುದು ಸಾಮಾನ್ಯದ ಮಾತಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಮಾಲಿ ಬ್ಲೂಮ್‌ಸ್ಮಿತ್ ಮತ್ತು ಸೂಸನ್ ಲ್ಯಾಂಬೆತ್ ಎಂಬ ಇಬ್ಬರು ಸಂಶೋಧಕಿಯರು ಸೆರೆಯ ಚಿಂಪಾಂಜಿಗಳಿಗೆ ವೀಡಿಯೊ ಚಿತ್ರಗಳನ್ನು ತೋರಿಸಿ, ಅವು ಎಷ್ಟು ಹೊತ್ತು ನೋಡುತ್ತವೆಂದು ಅಳೆದು, 2000ನೆಯ ಇಸವಿಯಲ್ಲಿ ಬರೆದರು. ಚಿಂಪಾಂಜಿಗಳು ಆಸಕ್ತಿಯಿಂದ ನೋಡಿದವು. ಆದರೆ ಬಳಗದೊಡನೆ ಇದ್ದವುಗಳಿಗಿಂತ ಒಂಟಿಯಾಗಿ ಇಡಲ್ಪಟ್ಟವು ಹೆಚ್ಚು ನೋಡಿದವು. ಈ ಒಂದು ಸಂಗತಿಯನ್ನು ವಾಚಕರು ಸ್ವಲ್ಪ ತಡೆದು ಯೋಚಿಸಬೇಕೆಂದು ಬೇಡುತ್ತೇನೆ. ಪ್ರಾಣಿಯು ಗಂಟೆಗಟ್ಟಲೆ ತೆರೆಯ ಮುಂದೆ ಕುಳಿತಿದ್ದರೆ ‘ನೋಡಿ, ಎಷ್ಟು ಸಂತೋಷವಾಗಿದೆ’ ಎನ್ನುವವರು ಆ ಕುಳಿತ ಕಾಲವನ್ನೇ ಸುಖದ ಅಳತೆಗೋಲಾಗಿ ಹಿಡಿಯುತ್ತಾರೆ. ಅದೇ ಕೋಲು ಒಂಟಿತನವನ್ನೂ ಅಳೆಯುತ್ತಿರಬಹುದಲ್ಲವೆ? ಮೈಯ ಕೂದಲನ್ನು ಹೆಕ್ಕಿ ಶುಚಿಮಾಡುವ ಒಡನಾಡಿ, ಜಗಳಕ್ಕೊಬ್ಬ ಎದುರಾಳಿ, ಬೆನ್ನ ಮೇಲೆ ಹತ್ತುವ ಮರಿ ಇಷ್ಟು ಇದ್ದ ಚಿಂಪಾಂಜಿಗೆ ತೆರೆಯನ್ನು ನೋಡುವ ಬಿಡುವು ಕಡಿಮೆ. ಏನೂ ಇಲ್ಲದ್ದು ತೆರೆಯನ್ನು ನೋಡದೆ ಮತ್ತೇನನ್ನು ನೋಡೀತು? ಅಳುವ ಕೂಸನ್ನು ಟೆಲಿವಿಷನ್ನಿನ ಮುಂದೆ ಕೂರಿಸಿ, ಅಳು ನಿಂತಿತೆಂದು ಸಮಾಧಾನಪಡುವ ಮನೆಗಳನ್ನು ನಾವು ಕಂಡಿದ್ದೇವೆ. ಅಳು ನಿಂತದ್ದು ನಿಜ. ಕೂಸು ಏಕೆ ಅತ್ತಿತೆಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಹಾಗೆಂದು ತೆರೆಯೇ ಕೂಡದೆಂದು ನಾನು ಹಟ ಹಿಡಿಯಲಾರೆ. ಚೆಕ್ ದೇಶದ ಡ್ವೂರ್ ಕ್ರಾಲೊವೆ ಮತ್ತು ಬರ್ನೊ ಎಂಬ ಊರುಗಳ ಮೃಗಾಲಯಗಳು ಮಹಾಮಾರಿಯ ಕಾಲದಲ್ಲಿ, 2021ರಲ್ಲಿ, ಪ್ರೇಕ್ಷಕರಿಲ್ಲದೆ ಮುಚ್ಚಿದ್ದಾಗ, ಒಂದೆಡೆಯ ಚಿಂಪಾಂಜಿಗಳ ದಿನಚರಿಯನ್ನು ಮತ್ತೊಂದೆಡೆಯ ಚಿಂಪಾಂಜಿಗಳಿಗೆ ದೊಡ್ಡ ತೆರೆಯ ಮೇಲೆ ನೇರವಾಗಿ ತೋರಿಸಿದವು. ಮೊದಮೊದಲು ಅವು ಅಪರಿಚಿತರನ್ನು ಕಂಡು ಗದರಿಸಿದವಂತೆ. ಬಳಿಕ ನೆಮ್ಮದಿಯಾಗಿ ನೋಡತೊಡಗಿದವು. ಎರಡೂ ಕಡೆ ಬಳಗವಿತ್ತು, ತೋರಿಸಿದ್ದು ಸ್ವಜಾತಿಯ ಬದುಕನ್ನು, ಬೇಡವಾದರೆ ಎದ್ದುಹೋಗಲು ಎಡೆಯಿತ್ತು. ಇಂಥ ಪ್ರಯೋಗವನ್ನು ಆಕ್ಷೇಪಿಸಲು ನನಗೆ ಕಾರಣ ಕಾಣದು.

ಇದಕ್ಕೆ ವಿರುದ್ಧವಾದ ಉದಾಹರಣೆ ಅಮೆರಿಕದ ಶಿಕಾಗೋ ನಗರದ ಲಿಂಕನ್ ಪಾರ್ಕ್ ಮೃಗಾಲಯದ್ದು. ಅಲ್ಲಿನ ಅಮಾರೆ ಎಂಬ ಹರೆಯದ ಗೊರಿಲ್ಲಕ್ಕೆ ಗಾಜಿನಾಚೆ ನಿಂತ ಪ್ರೇಕ್ಷಕರು ತಮ್ಮ ಮೊಬೈಲಿನ ಚಿತ್ರಗಳನ್ನು ತೋರಿಸುತ್ತಿದ್ದರು. ಅದರ ಗಮನ ಅಲ್ಲಿಯೇ ಎಷ್ಟು ನೆಟ್ಟುಹೋಯಿತೆಂದರೆ, ಜೊತೆಯ ಗೊರಿಲ್ಲವೊಂದು ಮೇಲೇರಿ ಬಂದರೂ ಅದಕ್ಕೆ ಅರಿವಾಗಲಿಲ್ಲ. 2022ರಲ್ಲಿ ಮೃಗಾಲಯದವರು ಗಾಜಿನಿಂದ ದೂರದಲ್ಲಿ ಹಗ್ಗ ಕಟ್ಟಿ ಜನರನ್ನು ಹಿಂದೆ ನಿಲ್ಲಿಸಿದರು. ಕೆನಡದ ಟೊರಾಂಟೊ ಮೃಗಾಲಯವೂ 2024ರಲ್ಲಿ ಗೊರಿಲ್ಲಗಳಿಗೆ ಮೊಬೈಲನ್ನು ತೋರಿಸಬಾರದೆಂದು ಫಲಕ ಹಾಕಿತು. ಬಳಗವಿದ್ದೂ ಬಳಗದಿಂದ ಕಣ್ಣು ಕಿತ್ತುಕೊಳ್ಳುವ ತೆರೆ ಇದು. ಪ್ರವಾಸಕ್ಕೆಂದು ಮೃಗಾಲಯಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳು ಮೊಬೈಲನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳಲಿ.

ಆದುದರಿಂದ, ದೂರದರ್ಶನವನ್ನಿಡುವ ಮುನ್ನ ಆಡಳಿತದವರು ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವ ಚಿತ್ರವನ್ನು ಹಾಕೋಣವೆಂಬುದಲ್ಲ. ಈ ಪ್ರಾಣಿಗೆ ಜೊತೆಯುಂಟೆ? ಆಹಾರವನ್ನು ತಟ್ಟೆಯಲ್ಲಿ ಸುರಿಯುತ್ತೇವೆಯೆ, ಇಲ್ಲವೆ ಮರದ ಬಿರುಕಿನಲ್ಲಿ, ಹುಲ್ಲಿನ ಅಡಿಯಲ್ಲಿ ಬಚ್ಚಿಟ್ಟು ಹುಡುಕಿಸುತ್ತೇವೆಯೆ? ಕಾಡಿನಲ್ಲಿ ವಾನರದ ಹಗಲಿನ ಬಹುಭಾಗ ಆಹಾರವನ್ನು ಅರಸುವುದರಲ್ಲಿ, ತಿನ್ನುವುದರಲ್ಲಿ ಕಳೆಯುತ್ತದೆ. ಆ ಕೆಲಸವನ್ನು ಕಸಿದುಕೊಂಡು ಚಿತ್ರವನ್ನು ಕೊಡುವುದು ಯಾವ ನ್ಯಾಯ? ಇವೆಲ್ಲ ಒದಗಿದ ಬಳಿಕ ತೆರೆಯನ್ನೂ ಇಡುವುದಾದರೆ ಅದನ್ನು ಆರಿಸುವ ಗುಂಡಿ ಪ್ರಾಣಿಯ ಕೈಗೇ ಎಟುಕುವಂತಿರಲಿ. ಗೊರಿಲ್ಲಗಳಿಗೆ ನೆಟ್ಟ ನೋಟವು ಬೆದರಿಕೆಯ ಸಂಜ್ಞೆ. ತೆರೆಯ ತುಂಬ ದಿಟ್ಟಿಸುವ ಮುಖವೊಂದು ಬಂದಾಗ ಅದನ್ನು ಆರಿಸಲಾಗದ ಪ್ರಾಣಿಯ ಪಾಡನ್ನು ಊಹಿಸಬಹುದು.

ಈ ವಿಚಾರ ನಮಗೆ ತೀರ ದೂರದ್ದೇನಲ್ಲ. 1892ರಲ್ಲಿ ಸ್ಥಾಪಿತವಾದ ಮೈಸೂರಿನ ಮೃಗಾಲಯದಲ್ಲಿ ಪೋಲೋ ಎಂಬ ಗಂಡು ಗೊರಿಲ್ಲವಿತ್ತು. ಇಡೀ ಭಾರತಕ್ಕೆ ಅದೊಂದೇ ಗೊರಿಲ್ಲ. ಅದಕ್ಕೆ ಸಂಗಾತಿ ದೊರೆಯಲಿಲ್ಲ. 2014ರಲ್ಲಿ ಅದು ಒಂಟಿಯಾಗಿಯೇ ತೀರಿಕೊಂಡಿತು. ಅಂಥ ಪ್ರಾಣಿಯ ಮುಂದೆ ತೆರೆಯನ್ನಿಟ್ಟಿದ್ದರೆ ಅದು ಕಣ್ಣೆವೆಯಿಕ್ಕದೆ ನೋಡುತ್ತಿತ್ತೆಂದು ನನ್ನ ಊಹೆ, ಮತ್ತು ಪತ್ರಿಕೆಗಳು ಅದನ್ನು ಮೆಚ್ಚಿ ಬರೆಯುತ್ತಿದ್ದವು. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬ ಎಂಬ ಗಂಡು ಗೊರಿಲ್ಲಗಳನ್ನು ಮೈಸೂರಿಗೆ ತಂದಾಗ ಎರಡನ್ನೂ ಜೊತೆಯಾಗಿಯೇ ತಂದರು.