ಬಿಳಿ ಹೊಗೆ ಬಂದರೆ ಎಂಜಿನ್ ಮುಗಿಯಿತೇ? ಹೆಡ್ ಗ್ಯಾಸ್ಕೆಟ್‌ ಕುರಿತ ಊಹೆಗಳು ಮತ್ತು ಪರೀಕ್ಷೆಗಳು

ಭಾಲ್ಕಿ ತಾಲ್ಲೂಕಿನ ಸಾಯಗಾಂವ ಕಡೆ ಕಬ್ಬಿನ ಕಟಾವು ಶುರುವಾದರೆ ಟ್ರ್ಯಾಕ್ಟರ್‌ಗಳಿಗೆ ಬಿಡುವಿರುವುದಿಲ್ಲ. ಕಬ್ಬು ಹೇರಿಕೊಂಡು ಹುಣಜಿಯ ಸಕ್ಕರೆ ಕಾರ್ಖಾನೆಗೆ ಹೊರಟ ಗಾಡಿ ನಡುದಾರಿಯಲ್ಲಿ ಕಾದು, ಹಬೆ ಉಗುಳುತ್ತಾ ನಿಂತಿತು ಎಂದುಕೊಳ್ಳಿ. ‘ಹೆಡ್ ಗ್ಯಾಸ್ಕೆಟ್ ಹಾರಿದೆ’ ಎಂಬ ತೀರ್ಪು ರಸ್ತೆಬದಿಯಲ್ಲೇ ಸಿಗುತ್ತದೆ. ಗ್ಯಾರೇಜ್ ಮುಟ್ಟುವಷ್ಟರಲ್ಲಿ ಅದು ‘ಎಂಜಿನ್ನೇ ಹೋಗಿದೆ, ಬದಲಿಸಿಬಿಡಿ’ ಎಂದಾಗಿರುತ್ತದೆ. ಸಾಲದ ಕಂತು ತಲೆಯ ಮೇಲಿರುವ, ಹಂಗಾಮು ಕೈಬಿಟ್ಟು ಹೋಗುತ್ತಿರುವ ಮಾಲೀಕ ಬೇರೆ ದಾರಿ ಕಾಣದೆ ಹೂಂ ಎನ್ನುತ್ತಾನೆ.

ಇಲ್ಲಿ ಇರುವುದು ಎರಡು ಬೇರೆ ಬೇರೆ ಪ್ರಶ್ನೆಗಳು. ಗ್ಯಾಸ್ಕೆಟ್ ನಿಜಕ್ಕೂ ಹೋಗಿದೆಯೇ? ಹೋಗಿದ್ದರೆ, ಶಾಖ ಎಂಜಿನ್ನಿಗೆ ಎಷ್ಟು ಹಾನಿ ಮಾಡಿದೆ? ಎರಡಕ್ಕೂ ಪರೀಕ್ಷೆಗಳಿವೆ. ಅವನ್ನು ಮಾಡಿಸದೆ ತೆಗೆದುಕೊಂಡ ತೀರ್ಮಾನ ಬರೀ ಊಹೆ.

ಹೆಡ್ ಗ್ಯಾಸ್ಕೆಟ್ ಮಾಡುವ ಕೆಲಸವೇನು?

ಎಂಜಿನ್ನಿನ ಕೆಳಭಾಗ ಬ್ಲಾಕ್, ಮೇಲ್ಭಾಗ ಹೆಡ್. ಇವೆರಡರ ನಡುವೆ ಕೂರುವ ತೆಳುವಾದ ಹಾಳೆಯೇ ಗ್ಯಾಸ್ಕೆಟ್. ಸಿಲಿಂಡರಿನಲ್ಲಿ ಉರಿಯುವ ಅನಿಲ, ತಂಪಾಗಿಸುವ ನೀರು, ಆಯಿಲ್ ಈ ಮೂರೂ ಒಂದರ ದಾರಿಗೆ ಇನ್ನೊಂದು ಬರದಂತೆ ಅದು ತಡೆಯುತ್ತದೆ. ಡೀಸೆಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಒತ್ತಡವು ಹೊರಗಿನ ಗಾಳಿಯ ಒತ್ತಡದ ನೂರು ಪಟ್ಟು ದಾಟುವುದು ಸಾಮಾನ್ಯ.

ಎಂಜಿನ್ ಅತಿಯಾಗಿ ಕಾದಾಗ ಈ ಬಿಗಿ ಸಡಿಲಗೊಳ್ಳುತ್ತದೆ. ಅನೇಕ ಕಾರು, ಜೀಪುಗಳಲ್ಲಿ ಹೆಡ್ ಅಲ್ಯೂಮಿನಿಯಂನದು, ಬ್ಲಾಕ್ ಎರಕದ ಕಬ್ಬಿಣದ್ದು. ಅಷ್ಟೇ ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟ್‌ಗಳು ಹಿಡಿದಿಟ್ಟಿರುವ ಹೆಡ್ ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ. ಅಂದರೆ ಗ್ಯಾಸ್ಕೆಟ್ ಹಾಳಾಗುವುದು ಹೆಚ್ಚಾಗಿ ಪರಿಣಾಮ. ಮೂಲ ರೋಗ ಕಾಯುವುದು. ಗ್ಯಾಸ್ಕೆಟ್ ಬದಲಿಸಿ ರೋಗವನ್ನು ಹಾಗೇ ಬಿಟ್ಟರೆ ಹೊಸದೂ ಹೋಗುತ್ತದೆ.

ಬಿಳಿ ಹೊಗೆ, ಹಾಲಿನಂಥ ಆಯಿಲ್: ಇವೇ ಸಾಕ್ಷಿಯೇ?

ಅಲ್ಲ, ಇವು ಸುಳಿವುಗಳು ಮಾತ್ರ. ಬೀದರ್ ಜಿಲ್ಲೆಯ ಚಳಿಗಾಲದ ಬೆಳಗಿನಲ್ಲಿ ಗಾಡಿ ಶುರು ಮಾಡಿದರೆ ಸೈಲೆನ್ಸರಿನಿಂದ ಸ್ವಲ್ಪ ಹೊತ್ತು ಬಿಳಿ ಆವಿ ಬರುವುದು ಸಹಜ. ಡೀಸೆಲ್ ಎಂಜಿನ್ನಿನಲ್ಲಿ ಇಂಜೆಕ್ಟರ್ ಕೆಟ್ಟು ಡೀಸೆಲ್ ಸರಿಯಾಗಿ ಉರಿಯದಿದ್ದರೂ ಬಿಳಿ ಹೊಗೆ ಬರುತ್ತದೆ. ಎಂಜಿನ್ ಬಿಸಿಯಾದ ಮೇಲೂ ಹೊಗೆ ನಿಲ್ಲದೆ, ಜೊತೆಗೆ ರೇಡಿಯೇಟರಿನ ನೀರು ಇಳಿಯುತ್ತಿದ್ದು, ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ ಅನುಮಾನಕ್ಕೆ ಬಲ ಬರುತ್ತದೆ.

ಆಯಿಲ್ ಮುಚ್ಚಳದ ಅಡಿಯ ಕೆನೆಯೂ ಹಾಗೆಯೇ. ಬರೀ ಹತ್ತಿರದ ಓಡಾಟಕ್ಕೆ ಬಳಸುವ ಗಾಡಿಯಲ್ಲಿ ತೇವಾಂಶ ಆರದೆ ಅಲ್ಲಿ ಕೂರಬಹುದು. ಆಯಿಲ್ ಅಳೆಯುವ ಕಡ್ಡಿಯಲ್ಲೂ ಅದೇ ಕಂಡರೆ ಮಾತ್ರ ಚಿಂತಿಸಬೇಕು. ಆಗಲೂ ಗ್ಯಾಸ್ಕೆಟ್ಟೇ ಕಾರಣ ಎನ್ನಲಾಗದು. ಬಹಳಷ್ಟು ಟ್ರ್ಯಾಕ್ಟರ್‌ಗಳಲ್ಲಿ ಸಿಲಿಂಡರ್ ಲೈನರ್ ನೇರವಾಗಿ ನೀರಿಗೆ ತಾಗಿಕೊಂಡಿರುತ್ತದೆ. ಅದರ ಕೆಳಗಿನ ರಬ್ಬರ್ ರಿಂಗ್ ಹಾಳಾದರೂ ನೀರು ಆಯಿಲ್‌ಗೆ ಇಳಿಯುತ್ತದೆ. ಅಂಥಲ್ಲಿ ಗ್ಯಾಸ್ಕೆಟ್ ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ.

ಹೆಡ್ ಬಿಚ್ಚುವ ಮುನ್ನ ಮಾಡಿಸಬೇಕಾದ ಪರೀಕ್ಷೆಗಳು

ಮೊದಲು ಅಗ್ಗದ ಕಾರಣಗಳನ್ನು ನೋಡಬೇಕು: ಫ್ಯಾನ್ ಬೆಲ್ಟ್, ವಾಟರ್ ಪಂಪ್, ಥರ್ಮೋಸ್ಟಾಟ್, ಕಬ್ಬಿನ ರವದಿ ಮತ್ತು ಧೂಳು ಕಟ್ಟಿಕೊಂಡ ರೇಡಿಯೇಟರ್, ಅದರ ಮುಚ್ಚಳ. ಮುಚ್ಚಳ ಸಣ್ಣ ವಸ್ತುವಲ್ಲ. 600 ಮೀಟರಿಗಿಂತ ಎತ್ತರದಲ್ಲಿರುವ ಬೀದರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಒಳ್ಳೆಯ ಮುಚ್ಚಳ ಒತ್ತಡ ಹಿಡಿದಿಟ್ಟು ಈ ಮಿತಿಯನ್ನು 120 ಡಿಗ್ರಿಯ ಆಸುಪಾಸಿಗೆ ಏರಿಸುತ್ತದೆ. ಮುಚ್ಚಳದ ಸ್ಪ್ರಿಂಗ್ ಸೋತರೆ ಗ್ಯಾಸ್ಕೆಟ್ ಚೆನ್ನಾಗಿದ್ದರೂ ನೀರು ಕುದಿದು ಉಕ್ಕುತ್ತದೆ.

ಆಮೇಲೆ ಮೂರು ಪರೀಕ್ಷೆಗಳು. ಒಂದು, ತಣ್ಣಗಿರುವ ಎಂಜಿನ್ನಿನ ರೇಡಿಯೇಟರಿಗೆ ಕೈಪಂಪಿನಿಂದ ಒತ್ತಡ ಕೊಟ್ಟು ಮುಳ್ಳು ಇಳಿಯುತ್ತದೆಯೇ ನೋಡುವುದು. ಎರಡು, ರೇಡಿಯೇಟರಿನ ಬಾಯಿಯಿಂದ ಬರುವ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸುವುದು. ಉರಿದ ಅನಿಲ ನೀರಿಗೆ ಸೇರುತ್ತಿದ್ದರೆ ಅದರ ಇಂಗಾಲದ ಡೈಆಕ್ಸೈಡ್‌ನಿಂದ ದ್ರಾವಣದ ಬಣ್ಣ ಬದಲಾಗುತ್ತದೆ. ಮೂರು, ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯುವುದು. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ಕಡಿಮೆ ಇದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು.

ಅರಿಶಿನ ಹಾಕಿದರೆ ಸೋರಿಕೆ ನಿಲ್ಲುತ್ತದೆಯೇ?

ರೇಡಿಯೇಟರಿನ ಸೂಜಿಮೊನೆಯಷ್ಟು ತೂತನ್ನು ಅರಿಶಿನದ ಪುಡಿ ಕೆಲಕಾಲ ಮುಚ್ಚಬಹುದು. ಗ್ಯಾಸ್ಕೆಟ್ ಎದುರಿಸುವ ಒತ್ತಡಕ್ಕೆ ಅದು ನಿಲ್ಲದು. ಮಿಕ್ಕ ಪುಡಿ ರೇಡಿಯೇಟರಿನ ಕೊಳವೆಗಳಲ್ಲಿ ಕಟ್ಟಿ ಎಂಜಿನ್ನನ್ನು ಇನ್ನಷ್ಟು ಕಾಯಿಸುತ್ತದೆ. ‘ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ’ ಎಂದು ಕಿತ್ತು ಹಾಕುವುದೂ ತಪ್ಪು. ಎಂಜಿನ್ ಬೇಗ ಸರಿಯಾದ ಬಿಸಿಗೆ ಬರದೆ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತದೆ. ಕೊಳವೆಬಾವಿಯ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಆದ್ದರಿಂದ ಕೂಲಂಟನ್ನೇ ಬಳಸಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು. ಬಿಸಿ ಇರುವಾಗ ಮುಚ್ಚಳವನ್ನೂ ತೆರೆಯಬೇಡಿ, ಮುಖ ಸುಡುತ್ತದೆ.

ರಿಪೇರಿಯೋ, ಬದಲಾವಣೆಯೋ?

ಇದರ ಉತ್ತರ ಹೆಡ್ ಬಿಚ್ಚಿದ ಮೇಲೆ, ಅಳತೆಯಿಂದ ಸಿಗಬೇಕು. ಹೆಡ್ಡಿನ ಮೇಲೆ ನೇರ ಪಟ್ಟಿಯಿಟ್ಟು ಅಡಿಯಲ್ಲಿ ಫೀಲರ್ ಗೇಜ್ ತೂರಿಸಿ ಬಾಗನ್ನು ಅಳೆಯುತ್ತಾರೆ. ಅನೇಕ ಎಂಜಿನ್‌ಗಳಲ್ಲಿ ಮಿತಿ 0.05ರಿಂದ 0.1 ಮಿ.ಮೀ. ಅಂದರೆ ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪ. ಕಣ್ಣಂದಾಜಿಗೆ ಇದು ಸಿಗುವುದಿಲ್ಲ. ಬಾಗು ಕಡಿಮೆಯಿದ್ದು ಬಿರುಕು ಇಲ್ಲದಿದ್ದರೆ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ಕಂಪನಿ ಹೇಳಿದ ಕ್ರಮದಲ್ಲಿ ಟಾರ್ಕ್ ಪಾನಾದಿಂದ ಬಿಗಿಸಿದರೆ ಸಾಕು. ಒಮ್ಮೆ ಮಾತ್ರ ಬಳಸುವ ಬೋಲ್ಟ್‌ಗಳಿದ್ದರೆ ಅವೂ ಹೊಸದಾಗಬೇಕು. ಹೆಡ್ ಬಿರುಕು ಬಿಟ್ಟಿದ್ದು ಬ್ಲಾಕ್ ಚೆನ್ನಾಗಿದ್ದರೆ ಹೆಡ್ ಮಾತ್ರ ಬದಲಿಸಬಹುದು. ಬ್ಲಾಕ್ ಸೀಳಿದ್ದರೆ, ಅಥವಾ ನೀರು ಬೆರೆತ ಆಯಿಲ್‌ನಲ್ಲಿ ಬಹಳ ಓಡಿ ಕ್ರ್ಯಾಂಕ್ ಮತ್ತು ಬೇರಿಂಗ್ ಎರಡೂ ಹಾಳಾಗಿದ್ದರೆ ಮಾತ್ರ ಪೂರ್ಣ ಎಂಜಿನ್ ಕೆಲಸ ಅಥವಾ ಬದಲಾವಣೆಯ ಮಾತು ಬರುತ್ತದೆ.

ಹಳೆಯ ಎಂಜಿನ್ ತಂದು ಕೂರಿಸುವುದಾದರೆ ಅದಕ್ಕೂ ಇವೇ ಪರೀಕ್ಷೆಗಳಾಗಬೇಕು. ಅದು ಯಾವ ಗಾಡಿಯಿಂದ, ಏಕೆ ಇಳಿಯಿತು ಎಂಬುದು ನಿಮಗೆ ಗೊತ್ತಿರುವುದಿಲ್ಲ. ಕಾಗದಪತ್ರವೂ ಮುಖ್ಯ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಎಂಜಿನ್ ಬದಲಾವಣೆಯನ್ನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಕೆಎ-39 ಗಾಡಿಗಳಿಗೆ ಅದು ಭಾಲ್ಕಿಯ ಸಾರಿಗೆ ಕಚೇರಿ. ನಂಬರ್ ತಾಳೆಯಾಗದಿದ್ದರೆ ಗಾಡಿ ಮಾರುವಾಗ, ವಿಮೆ ಕೇಳುವಾಗ ತೊಡಕಾಗುತ್ತದೆ.

ಹೀಗಾಗಿ ಗ್ಯಾರೇಜಿನಲ್ಲಿ ಮೂರು ಪ್ರಶ್ನೆ ಕೇಳಿ: ಯಾವ ಪರೀಕ್ಷೆ ಮಾಡಿದಿರಿ? ಹೆಡ್ ಎಷ್ಟು ಬಾಗಿದೆ? ಎಂಜಿನ್ ಕಾದದ್ದೇಕೆ? ಭಾಲ್ಕಿಯಲ್ಲಾಗಲಿ, ಗಡಿಯಾಚೆಯ ಉದಗೀರದಲ್ಲಾಗಲಿ, ಕೆಲಸ ಬಲ್ಲ ಮಿಸ್ತ್ರಿ ಈ ಮೂರಕ್ಕೂ ಉತ್ತರಿಸುತ್ತಾರೆ. ಉತ್ತರ ಬರುವವರೆಗೆ ಎಂಜಿನ್ ಬದಲಿಸಲು ಒಪ್ಪಬೇಡಿ. ಮುಂದಿನ ಸಲ ಬಿಸಿಯ ಮುಳ್ಳು ಕೆಂಪಿಗೆ ಹತ್ತಿರವಾದರೆ ‘ಇನ್ನೊಂದು ಕಿಲೋಮೀಟರ್’ ಎನ್ನದೆ ಅಲ್ಲೇ ನಿಲ್ಲಿಸಿ. ಎಷ್ಟೋ ಸಲ ಸಣ್ಣ ರಿಪೇರಿ ದೊಡ್ಡ ಖರ್ಚಾಗುವುದು ಆ ಒಂದು ಕಿಲೋಮೀಟರಿನಲ್ಲೇ.