ಚಳಿಯ ಎಚ್ಚರಿಕೆ ಯಾರಿಗೆ?

ಡಿಸೆಂಬರ್, ಜನವರಿಯಲ್ಲಿ ಬೀದರ್, ಕಲಬುರಗಿ, ವಿಜಯಪುರ ಜಿಲ್ಲೆಗಳಿಗೆ ಹವಾಮಾನ ಇಲಾಖೆ ಶೀತಗಾಳಿಯ ಎಚ್ಚರಿಕೆ ಕೊಟ್ಟಾಗ ಬೆನ್ನಿಗೇ ಸಲಹೆಗಳೂ ಬರುತ್ತವೆ. ನಸುಕಿನಲ್ಲಿ ಹೊರಗೆ ಬರಬೇಡಿ, ಬೆಚ್ಚನೆಯ ಬಟ್ಟೆ ತೊಡಿ, ಬಿಸಿನೀರು ಕುಡಿಯಿರಿ, ಮುದುಕರನ್ನೂ ಮಕ್ಕಳನ್ನೂ ಜೋಪಾನ ಮಾಡಿ. ಒಂದೂ ತಪ್ಪು ಮಾತಲ್ಲ. ಆದರೆ ಇದನ್ನೆಲ್ಲ ಪಾಲಿಸಬಲ್ಲವರು ಸೂರು, ಸ್ವೆಟರು, ಒಲೆ ಮೂರೂ ಉಳ್ಳವರು. ಎಚ್ಚರಿಕೆ ಬಾರದಿದ್ದರೂ ಆ ರಾತ್ರಿಯನ್ನು ಹೇಗೋ ದಾಟಿಬಿಡುವವರು.

ಅದೇ ಸೀಮೆಯ ಕಬ್ಬಿನ ಹೊಲಗಳ ಅಂಚಿನಲ್ಲಿ ಆ ದಿನಗಳಲ್ಲಿ ಕಟಾವಿನ ಗ್ಯಾಂಗುಗಳು ಬೀಡುಬಿಟ್ಟಿರುತ್ತವೆ. ತಾಡಪತ್ರಿಯ ಗುಡಿಸಲು, ನೆಲದ ಮೇಲೆ ಹಾಸಿದ ಕಬ್ಬಿನ ರವದಿ, ಅದರ ಮೇಲೊಂದು ಕೌದಿ, ಅದರೊಳಗೆ ಕೂಸು. ಬೆಳಕು ಹರಿಯುವ ಮೊದಲೇ ಗಂಡ ಹೆಂಡತಿ ಇಬ್ಬನಿ ತೊಯ್ದ ಸೋಗೆಯ ನಡುವೆ ನಿಂತಿರುತ್ತಾರೆ. ಒದ್ದೆಯಾದ ಬಟ್ಟೆ ಮೈಯ ಕಾವನ್ನು ಒಣ ಬಟ್ಟೆಗಿಂತ ಬಲು ಬೇಗ ಕಳೆಯುತ್ತದೆ; ಗಾಳಿ ಬೀಸಿದರೆ ಇನ್ನೂ ಬೇಗ. ಕೂಲಿಗಳನ್ನು ಕರೆತರುವ ಮುಕಾದಮನಿಂದ ಮುಂಗಡ ಪಡೆದು ಬಂದವರಿಗೆ 'ಹೊರಗೆ ಬರಬೇಡಿ' ಎನ್ನುವುದು ನಗೆಚಾಟಿಕೆಯಂತೆ ಕೇಳಿಸೀತು.

ನನ್ನ ವಾದ ಇಷ್ಟು: ಚಳಿಯ ಎಚ್ಚರಿಕೆ ಚಳಿಗೆ ಸಿಕ್ಕವರಿಗೆ ಹೇಳುವ ಬುದ್ಧಿಮಾತಾಗಿ ನಿಂತರೆ ಪ್ರಯೋಜನ ಕಡಿಮೆ. ಅವರ ಹೊಣೆ ಹೊರಬೇಕಾದವರಿಗೆ ಹೊರಡುವ ಆಜ್ಞೆಯಾಗಬೇಕು.

ಹಾಗಾದ ಉದಾಹರಣೆ ಇದೆ. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 2005ರ ಕಾಯ್ದೆಯ ಪ್ರಕಾರ, ಗಾಳಿಯ ಕೊರೆತವನ್ನೂ ಲೆಕ್ಕ ಹಿಡಿದು ತಾಪಮಾನ ಸೊನ್ನೆ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಮನೆಯಿಲ್ಲದವರಿಗೆ ಆಸರೆ ಸಿಗುವುದು ಹಕ್ಕು. ಅಲ್ಲಿ ಎಚ್ಚರಿಕೆ ಹೊರಟಿತೆಂದರೆ ನಗರಾಡಳಿತದ ಮೇಲೆ ಸಾಲ ಬಿದ್ದಂತೆ. ನಮ್ಮಲ್ಲಿ ಇಂಥದ್ದು ಬಂದದ್ದು ನ್ಯಾಯಾಲಯದ ಮೂಲಕ. 2009ರ ಡಿಸೆಂಬರಿನ ಚಳಿಯಲ್ಲಿ ದೆಹಲಿಯ ಪೂಸಾ ರಸ್ತೆಯ ತಾತ್ಕಾಲಿಕ ಆಸರೆಯೊಂದನ್ನು ಪಾಲಿಕೆ ಕೆಡವಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ಮಧ್ಯ ಪ್ರವೇಶಿಸಿತು. ದೊಡ್ಡ ನಗರಗಳಲ್ಲಿ ಲಕ್ಷ ಜನಕ್ಕೊಂದರಂತೆ ವರ್ಷವಿಡೀ ತೆರೆದಿರುವ ಆಸರೆ ಬೇಕೆಂಬ ಅಳತೆ ಅದೇ ಮೊಕದ್ದಮೆಯಲ್ಲಿ ಹುಟ್ಟಿತು. ಮೊಕದ್ದಮೆ 2001ರಿಂದ ನಡೆಯುತ್ತಿದ್ದ ಆಹಾರದ ಹಕ್ಕಿನದು. ಹಸಿವೂ ಚಳಿಯೂ ಒಂದೇ ಕಡತದಲ್ಲಿ ಸೇರಿದ್ದು ಆಕಸ್ಮಿಕವೇನಲ್ಲ. ಹೊಟ್ಟೆ ಬರಿದಾದ ಮೈಯಲ್ಲಿ ನಡುಗುವುದಕ್ಕೂ ತ್ರಾಣ ಇರುವುದಿಲ್ಲ.

'ಆಸರೆ ಕೊಟ್ಟರೂ ಬರುವುದಿಲ್ಲವಲ್ಲ' ಎಂಬ ದೂರು ಅಧಿಕಾರಿಗಳಿಂದ ಆಗಾಗ ಬರುತ್ತದೆ. ನಿಜ, ಅನೇಕರು ಬರುವುದಿಲ್ಲ. ತಳ್ಳುಗಾಡಿಯನ್ನು ಬೀದಿಯಲ್ಲೇ ಬಿಟ್ಟು ಹೋಗಬೇಕು. ಗಂಡಸರದೊಂದು ಕಡೆ, ಹೆಂಗಸರದೊಂದು ಕಡೆ ಎಂದು ಸಂಸಾರ ಒಡೆಯಬೇಕು. ಮುಂಜಾನೆ ಕೂಲಿ ಸಿಗುವ ಜಾಗದಿಂದ ಮೈಲು ದೂರ ಹೋಗಬೇಕು. ಇದನ್ನು ಮೊಂಡುತನ ಎನ್ನುವವರು ತಮ್ಮ ಸ್ಕೂಟರನ್ನು ಬೀಗವಿಲ್ಲದೆ ಒಂದು ರಾತ್ರಿ ರಸ್ತೆಯಲ್ಲಿ ಬಿಟ್ಟು ನೋಡಲಿ. ಜನರನ್ನು ಎಳೆದು ತರುವ ಅಧಿಕಾರ ಯಾರಿಗೂ ಬೇಡ, ಆಸರೆಯೇ ಅವರಿದ್ದ ಕಡೆಗೆ ಹೋಗಲಿ.

ಇನ್ನು ಗೆರೆಯ ಪ್ರಶ್ನೆ. ಬಯಲು ಸೀಮೆಯಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿದ್ದು, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಕುಸಿದಿದ್ದರೆ, ಇಲ್ಲವೇ ನೇರವಾಗಿ 4 ಡಿಗ್ರಿಗೆ ಇಳಿದರೆ, ಅದು ಹವಾಮಾನ ಇಲಾಖೆಯ ಲೆಕ್ಕದಲ್ಲಿ ಶೀತಗಾಳಿ. ಘೋಷಣೆಗೆ ಇಂಥ ಗೆರೆ ಬೇಕೇ ಬೇಕು. ಆದರೆ ಸಾವು ಗೆರೆ ನೋಡಿ ಬರುವುದಿಲ್ಲ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, 13 ದೇಶಗಳ 7.4 ಕೋಟಿ ಸಾವುಗಳನ್ನು ಪರಿಶೀಲಿಸಿದ ಅಧ್ಯಯನ ಸುಮಾರು ಶೇಕಡಾ 7.3 ಸಾವಿಗೆ ಚಳಿಯನ್ನೂ ಶೇಕಡಾ ಅರ್ಧಕ್ಕಿಂತ ಕಡಿಮೆ ಸಾವಿಗೆ ಸೆಕೆಯನ್ನೂ ಕಾರಣವೆಂದು ಲೆಕ್ಕ ಹಾಕಿತು. ಅದರಲ್ಲೂ ಹೆಚ್ಚಿನವು ಭೀಕರ ಥಂಡಿಯ ದಿನಗಳದ್ದಲ್ಲ, ಯಾರೂ ಸುದ್ದಿ ಮಾಡದ ಸಾಧಾರಣ ಚಳಿಯವು. ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ. 2018ರಲ್ಲಿ ಭಾರತದ ಮೇಲೇ ನಡೆದ ಅಧ್ಯಯನವೂ ಸಾಧಾರಣ ಚಳಿಯತ್ತಲೇ ಬೆರಳು ತೋರಿತು. ಹೃದಯ, ಮಿದುಳಿನ ರಕ್ತನಾಳ, ಉಸಿರಾಟ ಇವುಗಳ ಮೂಲಕ ಬರುವ ಸಾವಿಗೆ ದಾಖಲೆಯಲ್ಲಿ ಚಳಿಯ ಹೆಸರೇ ಇರುವುದಿಲ್ಲ. ಆದ್ದರಿಂದ ಕಂಬಳಿ, ಆಸರೆ, ಗುಳಿಗೆಗಳು ಇಡೀ ಋತುವಿನ ಕೆಲಸ. ಅಲರ್ಟು ಅದರ ಮೇಲಿನ ಹೆಚ್ಚುವರಿ.

ಕಬ್ಬಿನ ಹೊಲಕ್ಕೆ ಹಿಂತಿರುಗಿದರೆ, ಆಜ್ಞೆ ಹೋಗಬೇಕಾದ್ದು ಸಕ್ಕರೆ ಕಾರ್ಖಾನೆಗೆ. ಯಾವ ಗ್ಯಾಂಗು ಯಾವ ಊರಿನ ಯಾವ ಹೊಲದಲ್ಲಿದೆ ಎಂಬುದನ್ನು ಸರ್ಕಾರಕ್ಕಿಂತ ಚೆನ್ನಾಗಿ ಬಲ್ಲದ್ದು ಅದು. ಹೋಬಳಿಗೊಂದು ಹವಾಮಾನ ಮಾಪನ ಕೇಂದ್ರ ಇಟ್ಟಿರುವ ರಾಜ್ಯ ನಮ್ಮದು. ಆ ಮಾಹಿತಿ ಕಾರ್ಖಾನೆಗೆ ಸಂಜೆಯೊಳಗೆ ತಲುಪಬಲ್ಲದು. ಥಂಡಿ ಹೆಚ್ಚಿದ ದಿನ ಕಟಾವು ಬಿಸಿಲೇರಿದ ಮೇಲೆ ಶುರುವಾಗಲಿ, ಕೂಸು ಬಾಣಂತಿಯರಿಗೆ ಹತ್ತಿರದ ಶಾಲೆಯ ಕೋಣೆ ರಾತ್ರಿ ತೆರೆದಿರಲಿ. ಗುಡಿಸಲ ಬಾಗಿಲು ಮುಚ್ಚಿ ಒಳಗೆ ಕೆಂಡ ಇಡುವುದರ ಅಪಾಯವನ್ನು ಅವರ ಮಾತಿನಲ್ಲೇ, ಕನ್ನಡವೋ ಮರಾಠಿಯೋ, ಯಾರಾದರೂ ಎದುರು ಕೂತು ಹೇಳಲಿ.

ಆದರೆ ಕಟಾವಿನ ಕೂಲಿ ಟನ್ನಿನ ಲೆಕ್ಕ. ಎರಡು ತಾಸು ತಡವಾದರೆ ಅಷ್ಟು ತೂಕ ಕಡಿಮೆ, ಅಷ್ಟು ಮುಂಗಡ ತೀರದೆ ಉಳಿಯುತ್ತದೆ. ಆ ನಷ್ಟವನ್ನು ಗ್ಯಾಂಗಿನ ತಲೆಗೇ ಕಟ್ಟಿದರೆ ಎಚ್ಚರಿಕೆಯನ್ನು ಮೊದಲು ಮುರಿಯುವವರು ಅವರೇ. ಆ ಎರಡು ತಾಸಿನ ದುಡ್ಡು ಕಾರ್ಖಾನೆಯದೋ ಸರ್ಕಾರದ್ದೋ ಎಂಬುದನ್ನು ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲೇ, ಜಿಲ್ಲಾಧಿಕಾರಿಯ ಸಭೆಯಲ್ಲಿ, ಕಬ್ಬಿನ ದರದ ಜಗಳದ ಜೊತೆಗೇ ಕಾಗದದ ಮೇಲೆ ಇತ್ಯರ್ಥ ಮಾಡಿಕೊಳ್ಳಬೇಕು.