ಮ್ಯೂಸಿಯಂ ಬಾಗಿಲು ತೆರೆದೇ ಇದೆ, ನಾವು ಯಾಕೆ ಹೋಗ್ತಿಲ್ಲ?



ಜೇಬಿನಲ್ಲಿರೋ ಒಂದು ರೂಪಾಯಿ ನಾಣ್ಯ ತೆಗೆದು ನೋಡಿ. ಅದರ ಮೇಲಿರೋ ಸಿಂಹಗಳು ಅಶೋಕನವು. ಅವುಗಳ ಮೂಲ ಶಿಲ್ಪ 1905ರಲ್ಲಿ ಸಾರನಾಥದ ಮಣ್ಣಿನಿಂದ ಎದ್ದು ಬಂತು, ಇವತ್ತಿಗೂ ಅಲ್ಲಿನ ಮ್ಯೂಸಿಯಂನಲ್ಲೇ ಇದೆ. ದಿನಾ ಟೀ ಅಂಗಡಿಯಲ್ಲಿ ಕೊಟ್ಟು ತಗೊಳ್ಳೋ ಚಿಲ್ಲರೆ ಮೇಲೆ ಬೌದ್ಧ ಭಾರತ ಕೂತಿದೆ. ಆದ್ರೂ ನಮ್ಮ ಸಂಘಟನೆಗಳ ಕಾರ್ಯಕ್ರಮಗಳಲ್ಲಿ ಧರಣಿ ಇದೆ, ವಿಚಾರ ಸಂಕಿರಣ ಇದೆ, ಏಪ್ರಿಲ್ 14ರ ಮೆರವಣಿಗೆ ಇದೆ, ಮ್ಯೂಸಿಯಂ ಭೇಟಿ ಮಾತ್ರ ಇಲ್ಲ.

"ಅಲ್ಲೇನಿದೆ ಅಣ್ಣ, ರಾಜರ ಕತ್ತಿ, ಒಡೆದ ವಿಗ್ರಹ" ಅಂತಾರೆ ಹುಡುಗರು. ಅರ್ಧ ನಿಜ. ಉಳಿದರ್ಧದ ಬಗ್ಗೆಯೇ ಈ ಪೋಸ್ಟು.

ಮೊದಲು ಸನ್ನತಿ. ಕಲಬುರಗಿ ಜಿಲ್ಲೆಯ ಭೀಮಾ ತೀರದ ಈ ಊರಿನಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ದೇವಿಯ ಪೀಠಕ್ಕೆ ಹಾಕಿದ್ದ ಚಪ್ಪಡಿ ನೋಡಿದ್ರೆ ಅಶೋಕನ ಶಾಸನ! ವಿಗ್ರಹ ನಿಲ್ಲಿಸೋಕೆ ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಆ ಕಲ್ಲಿನ ಮೇಲಿರೋದು ಯಾವ ಶಾಸನ ಗೊತ್ತಾ? ಪರರ ಪಂಥವನ್ನೂ ಗೌರವಿಸಿ ಅಂತ ಹೇಳೋ 12ನೇ ಶಾಸನವೂ ಅದರಲ್ಲಿದೆ. ಬೌದ್ಧ ಧರ್ಮ ಈ ನೆಲದಿಂದ ಹೇಗೆ ಮರೆಯಾಯ್ತು ಅಂತ ನಾನು ಗಂಟೆಗಟ್ಟಲೆ ಭಾಷಣ ಮಾಡಿದ್ದೀನಿ. ಆ ತೂತು ಹೇಳೋಷ್ಟು ನನ್ನ ಭಾಷಣ ಹೇಳಲ್ಲ.

ಅಲ್ಲೇ ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ಅಗೆತ ನಡೆದು ದೊಡ್ಡ ಸ್ತೂಪವೇ ಸಿಕ್ತು. ಅದರ ಒಂದು ಫಲಕದಲ್ಲಿ ರಾಜ, ರಾಣಿ, ಚಾಮರ ಹಿಡಿದ ಹೆಂಗಸರು. ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಅಂತ ಸ್ಪಷ್ಟವಾಗಿ ಹೆಸರಿದೆ. ಅಶೋಕನ ಹೆಸರು ಕೊರೆದ ಶಿಲ್ಪ ಸಿಕ್ಕಿದ್ದು ಪಾಟ್ನಾದಲ್ಲಲ್ಲ ಸ್ವಾಮಿ, ನಮ್ಮ ಕಲಬುರಗಿಯಲ್ಲಿ. ಇಂಥ ಶಿಲ್ಪಗಳು ವರ್ಷಗಟ್ಟಲೆ ಬಿಸಿಲು ಮಳೆಯಲ್ಲಿ ಬಿದ್ದಿದ್ದಾಗ ಕೂಗಬೇಕಾದವರಲ್ಲಿ ನಾವೂ ಇರಬೇಕಿತ್ತು.

ಇನ್ನು ನಾಣ್ಯದ ಮಾತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮೊದಲು ಎಂ.ಎಚ್. ಕೃಷ್ಣ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದರು. ನಮಗೆ ಗೊತ್ತಿರೋದು ಈ ಎರಡು ಹೆಸರು. ಗುದ್ದಲಿ ಹಿಡಿದವರ, ಮಣ್ಣಿನ ಬುಟ್ಟಿ ಹೊತ್ತವರ ಹೆಸರು ಯಾರಿಗೆ ಗೊತ್ತು? ಅಲ್ಲಿ ರೋಮ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್‌ರ ಬೆಳ್ಳಿ ನಾಣ್ಯ ಸಿಕ್ಕಿವೆ, ಶಾತವಾಹನರ ಕಾಲದ ಸೀಸದ ನಾಣ್ಯವೂ ಸಿಕ್ಕಿವೆ. ಎಲ್ಲರೂ ಬೆಳ್ಳಿ ನಾಣ್ಯದ ಮುಂದೆ ನಿಂತು ಬಾಯಿ ಬಿಡ್ತಾರೆ. ನೀವು ಸೀಸದ ನಾಣ್ಯದ ಮುಂದೆ ನಿಲ್ಲಿ. ಬೆಳ್ಳಿ ದೊಡ್ಡ ವ್ಯಾಪಾರದ್ದು. ಸೀಸ ಸಂತೆಯದು, ಉಪ್ಪು-ಕಾಳು ಕೊಳ್ಳೋ ಜನರದು. ಕಂಕುಳಲ್ಲಿ ಮಗು, ಸೆರಗಿನ ಗಂಟಲ್ಲಿ ಚಿಲ್ಲರೆ ಇಟ್ಟುಕೊಂಡ ನಮ್ಮ ಮುತ್ತಜ್ಜಿಯಂಥವಳು ಮುಟ್ಟಿರಬಹುದಾದ ದುಡ್ಡು ಅದು.

ಇಲ್ಲಿ ನಮ್ಮವರಿಗೂ ಒಂದು ಮಾತು. 'ಶಾತವಾಹನರು ಬೌದ್ಧರು, ನಮ್ಮವರೇ' ಅಂತ ವಾಟ್ಸಾಪಿನಲ್ಲಿ ತಿರುಗಾಡ್ತಿರುತ್ತೆ. ಅಷ್ಟು ಸಲೀಸಲ್ಲ ಕಣ್ರೀ. ನಾಸಿಕದ ಗುಹೆಯಲ್ಲಿ ಗೌತಮಿ ಬಲಶ್ರೀ ತನ್ನ ಮಗ ಗೌತಮೀಪುತ್ರ ಶಾತಕರ್ಣಿಯನ್ನು ಹೊಗಳಿ ಬರೆಸಿದ ಶಾಸನವಿದೆ. ನಾಲ್ಕು ವರ್ಣಗಳು ಬೆರೆಯದಂತೆ ತಡೆದವನು ಅನ್ನೋದೂ ಆ ಹೊಗಳಿಕೆಯಲ್ಲಿ ಸೇರಿದೆ. ಆದ್ರೆ ಆ ಗುಹೆಯನ್ನು ಕೊಟ್ಟಿದ್ದು ಬೌದ್ಧ ಭಿಕ್ಷುಗಳಿಗೆ! ಒಂದು ಕೈಲಿ ದಾನ, ಇನ್ನೊಂದು ಕೈಲಿ ಬೇಲಿ. ಫಾರ್ವರ್ಡ್ ಮೆಸೇಜು ನಾಣ್ಯದ ಒಂದೇ ಮುಖ ತೋರಿಸುತ್ತೆ. ಬಾಬಾಸಾಹೇಬರು ರೂಪಾಯಿ ಸಮಸ್ಯೆ ಬಗ್ಗೆ 1923ರಲ್ಲೇ ಪುಸ್ತಕ ತಂದವರು, ಅಂಕಿ-ಅಂಶ ಇಲ್ಲದೆ ವಾದ ಮಾಡಿದವರಲ್ಲ. ಅವರ ಹೆಸರು ಹೇಳೋ ನಾವು ಸಾಕ್ಷ್ಯ ನೋಡದೆ ಮಾತಾಡಬಾರದು. ಸುಳ್ಳು ಇತಿಹಾಸಕ್ಕೆ ನಮ್ಮದೇ ಇನ್ನೊಂದು ಸುಳ್ಳು ಉತ್ತರ ಆಗಲ್ಲ.

ನನಗೆ ತುಂಬಾ ಹಿಡಿಸಿದವನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿದ್ದಾನೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನದ ಕೊನೆಗೆ ಬರೆದವನ ಹೆಸರಿದೆ: ಚಪಡ. 'ಲಿಪಿಕಾರನಿಂದ' ಅನ್ನೋ ಪದ ಮಾತ್ರ ವಾಯವ್ಯ ದಿಕ್ಕಿನ ಖರೋಷ್ಠಿ ಲಿಪಿಯಲ್ಲಿದೆ. ದಿನವಿಡೀ ಬೇರೆಯವರ ಸಹಿಗೆ ಕಾಗದ ಸಿದ್ಧಮಾಡೋ ಗುಮಾಸ್ತ ನಾನು. ಚಕ್ರವರ್ತಿಯ ಆಜ್ಞೆ ಕೆಳಗೆ ತನ್ನ ಹೆಸರನ್ನೂ ಹಾಕಿಕೊಂಡ ಆ ಗುಮಾಸ್ತನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಅದೇ ಶಾಸನ ಹೇಳೋದು, ಪ್ರಯತ್ನ ಮಾಡಿದ್ರೆ ಸ್ವರ್ಗ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿಗುತ್ತೆ ಅಂತ. ನಮ್ಮ ಜಿಲ್ಲೆಯ ಬಂಡೆ ಮೇಲೆ 2200 ವರ್ಷಕ್ಕೂ ಹಿಂದೆ ಬರೆದ ಮಾತಿದು.

ಆದ್ರೆ ಚಿಕ್ಕ ಮ್ಯೂಸಿಯಂಗಳು ಇದನ್ನೆಲ್ಲ ಹೇಳ್ತವಾ? ನಾನು ನೋಡಿದ ಒಂದು ಕಡೆ (ಹೆಸರು ಬೇಡ) ನಾಣ್ಯಗಳ ಗಾಜಿನ ಪೆಟ್ಟಿಗೆ ಮೇಲೆ ರಾಜವಂಶದ ಹೆಸರು ಬಿಟ್ಟು ಬೇರೇನೂ ಇರಲಿಲ್ಲ. ಯಾವ ಊರಿನಲ್ಲಿ ಸಿಕ್ತು, ಯಾವ ಲೋಹ, ಅಚ್ಚು ಹಾಕಿದವರು ಯಾರು, ಏನೂ ಇಲ್ಲ. ಬೀಸೋಕಲ್ಲಿಗೆ 'ಕಲ್ಲಿನ ಉಪಕರಣ' ಅಂತ ಚೀಟಿ. ಅದರಲ್ಲಿ ರಾಗಿ ಬೀಸಿದ ಕೈ ಎಲ್ಲಿ ಹೋಯ್ತು? ಹೊರಗುತ್ತಿಗೆಯಲ್ಲಿ ಕೆಲಸ ಮಾಡೋ ಕಾವಲುಗಾರ ತಮ್ಮನೇ ಟಾರ್ಚ್ ಹಿಡಿದು ಚೀಟಿಗಿಂತ ಚೆನ್ನಾಗಿ ವಿವರಿಸಿದ. ಹೇಳೋರ ಕೊರತೆ ಇಲ್ಲ, ಕೇಳೋರ ಕೊರತೆ.

ಅಲ್ಲಿ ಯಾರ ಕತೆ ಹೇಳಬೇಕು ಅಂತ ತೀರ್ಮಾನ ಆಗೋದು ಅಲ್ಲಿಗೆ ಬರೋರನ್ನ ನೋಡಿ. ನಾವು ಹೋಗದಿದ್ರೆ ನಮ್ಮ ಕತೆ ಚೀಟಿಗೆ ಬರಲ್ಲ, ಅಷ್ಟೇ.

ಅದಕ್ಕೇ ಕೇಳ್ಕೊಳ್ಳೋದು: ಪ್ರತಿ ತಾಲ್ಲೂಕು ಶಾಖೆ ವರ್ಷಕ್ಕೊಂದು ಭಾನುವಾರ ಹಾಸ್ಟೆಲ್ ಮಕ್ಕಳನ್ನ ಕರಕೊಂಡು ಹತ್ತಿರದ ಮ್ಯೂಸಿಯಂಗೆ ಹೋಗಲಿ. ಹೋಗೋ ಮುಂಚೆ ಫೋನ್ ಮಾಡಿ ವೇಳೆ ಕೇಳಿ. ಮಕ್ಕಳ ಕೈಗೆ ನೋಟ್‌ಬುಕ್ ಕೊಡಿ. ರಾಜನ ಹೆಸರು ಬರೆಸಬೇಡಿ. ಇದನ್ನ ಮಾಡಿದವರು ಯಾರು, ಬಳಸಿದವರು ಯಾರು ಅಂತ ಕೇಳಿ ಬರೆಸಿ. ಕನ್ನಡದಲ್ಲಿ ಪೂರ್ತಿ ವಿವರ ಹಾಕಿ, ಜಿಲ್ಲೆಯಲ್ಲಿ ಸಿಕ್ಕಿದ್ದರ ಫೋಟೋ ಆದ್ರೂ ಜಿಲ್ಲೆಯಲ್ಲೇ ಇಡಿ ಅಂತ ಪುರಾತತ್ವ ಇಲಾಖೆಗೆ ಲಿಖಿತ ಮನವಿ ಕೊಡಿ, ಸ್ವೀಕೃತಿ ಪಡೆಯೋದು ಮರೀಬೇಡಿ. ಬಾಯಿ ಮಾತಿಗೆ ಫೈಲ್ ಓಡಲ್ಲ ಅನ್ನೋದು ನನಗೆ ಚೆನ್ನಾಗಿ ಗೊತ್ತು.

ಬರುವಾಗ ಸಂದರ್ಶಕರ ಪುಸ್ತಕದಲ್ಲಿ ಹೆಸರು, ಊರು, ಕೇರಿ ಸಮೇತ ಬರೆದು ಸಹಿ ಹಾಕಿ. ಚಪಡನ ಹಾಗೆ.

ಜೈಭೀಮ್.